ಬಾಳೆಬರೆ ಘಾಟಿಯ ದಾರಿಯಲ್ಲಿ

ತೀರ್ಥಹಳ್ಳಿಯಿಂದ ಯಡೂರು, ಮಾಸ್ತಿಕಟ್ಟೆ, ಹುಲಿಕಲ್ಲುಗಳನ್ನು ಹಾದು ಬಾಳೆಬರೆ ಘಾಟಿಯನ್ನಿಳಿದು, ಹೊಸಂಗಡಿ, ಸಿದ್ದಾಪುರದ ಮೂಲಕ ಕುಂದಾಪುರ ಸೇರುವ ರಾಜ್ಯ ಹೆದ್ದಾರಿಯಲ್ಲಿ ನಿನ್ನೆ ಬಸ್ಸಿನಲ್ಲಿ ಬಂದೆ. ಹೆಸರಿಗಷ್ಟೇ ಹೆದ್ದಾರಿ; ಘಾಟಿಯ ತಿರುವುಗಳಲ್ಲಿ ಎದುರಿನಿಂದ ಲಾರಿ ಬಂದರೆ ಎರಡರಲ್ಲೊಂದು ಹಿಂದೆ ಸರಿಯಲೇಬೇಕು. ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ಹುಲಿಕಲ್ಲೂ ಒಂದಾದ್ದರಿಂದ, ಮಳೆಗಾಲದಲ್ಲಿ ಇಲ್ಲಿ ಗುಡ್ಡ ಜರಿಯುವುದೂ ಭಾರಿ ವಾಹನಗಳನ್ನು ತಡೆಯುವುದೂ ಹೊಸತಲ್ಲ.

ಈ ಘಟ್ಟದ ದಾರಿ ಡಾಂಬರಿಗಿಂತ ಬಹಳ ಹಳೆಯದು. ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರಿಗೂ, ಅಂದರೆ ಇಂದಿನ ನಗರಕ್ಕೂ, ಕುಂದಾಪುರ ಕಡೆಯ ಬಂದರುಗಳಿಗೂ ನಡುವಿನ ಮಾರ್ಗ ಹೊಸಂಗಡಿಯ ಮೇಲೆಯೇ ಹೋಗುತ್ತಿತ್ತು. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸನ ಇಂಗ್ಲಿಷ್ ಸೇನೆ ಕುಂದಾಪುರವನ್ನು ಹಿಡಿದು, ಇದೇ ಹೊಸಂಗಡಿ ಘಟ್ಟವನ್ನೇರಿ ಬಿದನೂರನ್ನು ವಶಪಡಿಸಿಕೊಂಡಿತು. ಕೆಲವೇ ತಿಂಗಳಲ್ಲಿ ಟಿಪ್ಪು ಅದನ್ನು ಮರಳಿ ಗೆದ್ದು ಮ್ಯಾಥ್ಯೂಸನನ್ನು ಸೆರೆಹಿಡಿದನು. ಕಾಲುದಾರಿಯಲ್ಲಿ ಫಿರಂಗಿಗಳನ್ನು ಎಳೆದವರ ಪಾಡನ್ನು, ಕಿಟಕಿ ಪಕ್ಕದ ಆಸನದಲ್ಲಿ ಕುಳಿತು ಊಹಿಸುವುದು ಸ್ವಲ್ಪ ಮುಜುಗರದ ಕೆಲಸವೇ.

ಹೊಸಂಗಡಿಯ ಬಳಿ ವಾರಾಹಿ ಯೋಜನೆಯ 460 ಮೆಗಾವ್ಯಾಟ್ ಸಾಮರ್ಥ್ಯದ ಭೂಗರ್ಭ ವಿದ್ಯುದಾಗಾರವಿದೆ. ರಸ್ತೆಯಿಂದ ಅದು ಕಾಣುವುದಿಲ್ಲ. ಕಾಣುವುದು ಕಾಡನ್ನು ಸೀಳಿ ಹೋಗುವ ತಂತಿಗಳು ಮಾತ್ರ. ಸಿದ್ದಾಪುರ ದಾಟುವಷ್ಟರಲ್ಲಿ ಚಳಿ ಬಿಟ್ಟು ಕರಾವಳಿಯ ಸೆಕೆ ಹಿಡಿದಿತ್ತು. ಸ್ವೆಟರನ್ನು ತೆಗೆದು ಚೀಲಕ್ಕೆ ತುರುಕಿದೆ.