ಎಷ್ಟು ಲೀಟರಿನ ಪಂಪ್ ಅಂತ ಕೇಳಬೇಡಿ

ರಾಯಚೂರಿನ ನಮ್ಮ ಮನೆಯಲ್ಲಿ ಒಂದು ಉಪ್ಪುನೀರಿನ ಟ್ಯಾಂಕ್ ಇದೆ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಕಲ್ಲು, ಮರಳು ಕಳೆದರೆ ನೀರು ಸುಮಾರು 200 ಲೀಟರ್. ಅದರಲ್ಲಿ ಮೆದು ಹವಳ ಸಾಕುತ್ತೇನೆ, ಕಲ್ಲಿನಂಥ ಗೂಡು ಕಟ್ಟದ, ಮೆತ್ತಗಿನ ಮೈಯ ಸಮುದ್ರಜೀವಿ. ಮನೆಗೆ ಬಂದು ನೋಡಿದವರೂ ಫೋನ್ ಮಾಡಿದವರೂ ಕೇಳುವುದು ಒಂದೇ ಪ್ರಶ್ನೆ: “ಎಷ್ಟು ಲೀಟರಿನ ಪಂಪ್ ಹಾಕೀರಿ ಸರ್? ನಂಬರ್ ಒಂದು ಹೇಳಿಬಿಡ್ರಿ, ಸಾಕು.”

ಕೊನೆಯ ಸಲ ಹೇಳುತ್ತೇನೆ. ನೀರು ಮೇಲೆತ್ತುವ ಪಂಪ್ ಅಲ್ಲ ಇದು, ಟ್ಯಾಂಕಿನೊಳಗೇ ನೀರು ಓಡಾಡಿಸುವುದು. ಗಂಟೆಗೆ 2,000 ಲೀಟರ್ ತಳ್ಳುವವು ಎರಡು. ಟ್ಯಾಂಕಿನ ನೀರೆಲ್ಲ ಗಂಟೆಗೆ 20 ಸಲ ಓಡಾಡಿದ ಲೆಕ್ಕ. ಮೆದು ಹವಳಕ್ಕೆ 10ರಿಂದ 20 ಪಟ್ಟು ಅನ್ನುವುದು ಸಾಕುವವರೆಲ್ಲ ಹೇಳುವ ಮಾತು, ತಪ್ಪಲ್ಲ. ಆದರೆ ಬರೀ ನಂಬರ್ ಹಿಡಿದುಕೊಂಡು ಹೋದರೆ ನಿಮ್ಮ ಹವಳ ಸಾಯುತ್ತದೆ. ಒಬ್ಬರ ಮನೆಯಲ್ಲಿ ಸಾಯುವುದರಲ್ಲಿತ್ತು, ಅದಕ್ಕೆ ನಾನೇ ಕಾರಣ.

ಸಿಂಧನೂರಿನ ಹುಡುಗ. ನಾನು ಎಲ್ಲೋ ಹೊರಟಿದ್ದೆ, ಫೋನ್ ಬಂತು. “ಅಣ್ಣಾ, ನಂಬರ್ ಅಷ್ಟ ಹೇಳ್ರಿ.” ಒಟ್ಟು 4,000 ಅಂದೆ, ಇಟ್ಟೆ. ತಿಂಗಳಾದ ಮೇಲೆ ವಿಡಿಯೋ ಕಳಿಸಿದ. 4,000 ಲೀಟರಿನ ಒಂದೇ ಪಂಪ್ ತಂದು ಪಕ್ಕದ ಗಾಜಿಗೆ ಕೂರಿಸಿದ್ದ. ಗೇಣು ದೂರದಲ್ಲಿ, ಸರಿಯಾಗಿ ಅದರ ಬಾಯಿಗೇ ಎದುರಾಗಿ, ಲೆದರ್ ಹವಳ, ಮೆದು ಹವಳದಲ್ಲೇ ಒಂದು ಬಗೆ. ಅಣಬೆಯಂತೆ ಛತ್ರಿ ಬಿಚ್ಚಿಕೊಂಡು ನಿಲ್ಲಬೇಕಾದದ್ದು ಒಂದೇ ಕಡೆಗೆ ಮಡಚಿಬಿದ್ದಿತ್ತು. ಮೈಮೇಲೆ ಸಣ್ಣ ಹೂವಿನಂತೆ ಅರಳುವ ಪಾಲಿಪ್ ಮೂರು ವಾರದಿಂದ ಒಂದೂ ಹೊರಗೆ ಬಂದಿಲ್ಲವಂತೆ. ನೀರು ಓಡಾಡದೆ ಕಲ್ಲಿನ ಹಿಂದಿನ ಮರಳು ಕಪ್ಪಗಾಗಿತ್ತು, ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ. “ನೀವು ಹೇಳಿದಷ್ಟ ಹಾಕೀನ್ರಿ ಅಣ್ಣಾ” ಅಂದ. ಹೌದು, ಹೇಳಿದಷ್ಟೇ ಹಾಕಿದ್ದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹವಳ ಕೂತಲ್ಲೇ ಕೂತಿರುವ ಜೀವ. ಮೀನಾದರೆ ಒಳ್ಳೆಯ ನೀರಿದ್ದ ಕಡೆ ಈಜಿಕೊಂಡು ಹೋಗುತ್ತದೆ, ಹವಳದ ಹತ್ತಿರಕ್ಕೆ ನೀರೇ ಬರಬೇಕು. ನೀರು ಹರಿಯುತ್ತಿದ್ದರೂ ಅದರ ಮೈಗೆ ಅಂಟಿಕೊಂಡು ನಿಂತ ನೀರಿನ ಒಂದು ತೆಳು ಪದರ ಇರುತ್ತದೆ. ಆಮ್ಲಜನಕ ಒಳಗೆ ಹೋಗಬೇಕಾದರೂ ಹೊಲಸು ಹೊರಗೆ ಬರಬೇಕಾದರೂ ಆ ಪದರ ದಾಟಬೇಕು. ನೀರು ಅಲುಗಿದಷ್ಟೂ ಪದರ ತೆಳುವಾಗುತ್ತದೆ. ಲೆದರ್ ಹವಳಕ್ಕೆ ಇನ್ನೊಂದು ಕೆಲಸವೂ ಇದೆ. ಆಗಾಗ ಪಾಲಿಪ್ ಒಳಗೆಳೆದುಕೊಂಡು, ಮೇಣ ಬಳಿದಂತೆ ಮಿಂಚುವ ಪೊರೆ ಕಟ್ಟಿಕೊಂಡು ಕೂರುತ್ತದೆ. ಆ ಪೊರೆಯನ್ನು ಕಿತ್ತು ಒಯ್ಯುವುದು ನೀರೇ. ನೀರು ನಿಂತರೆ ಪೊರೆ ಅಲ್ಲೇ ಉಳಿದು ಪಾಚಿ ಹಿಡಿಯುತ್ತದೆ. ಹಾಗಂತ ಪೈಪಿನಂತೆ ಒಂದೇ ಸಮ, ಒಂದೇ ಕಡೆಯಿಂದ ಹೊಡೆದರೆ ಮೈಯೇ ಕಿತ್ತುಬರುತ್ತದೆ. ಸಮುದ್ರದಲ್ಲಿ ಅಲೆ ಬರುತ್ತದೆ, ಹೋಗುತ್ತದೆ. ಟ್ಯಾಂಕಿನಲ್ಲೂ ದಿಕ್ಕು ಬದಲಾಗುತ್ತಿರಬೇಕು. ಅದಕ್ಕೇ ನನ್ನವು ಎರಡು, ಎದುರುಬದುರು. ಒಂದು ಜೋರಾದಾಗ ಇನ್ನೊಂದು ಸಣ್ಣಗಾಗುತ್ತದೆ. ಎರಡರ ನೀರೂ ಮಧ್ಯದಲ್ಲಿ ಡಿಕ್ಕಿ ಹೊಡೆದು ಚೆದುರುತ್ತದೆ, ಹವಳಕ್ಕೆ ತಗಲುವುದು ಆ ಚೆದುರಿದ ನೀರು.

(ಗಟ್ಟಿ ಹವಳ ಯಾಕಿಲ್ಲ ಅಂತಲೂ ಕೇಳುತ್ತಾರೆ. ಸಮುದ್ರದಲ್ಲಿ ದಿಬ್ಬ ಕಟ್ಟುವ ಆ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಯಲ್ಲಿವೆ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿ. ನಾನು ತರುವುದಿಲ್ಲ, ತಂದುಕೊಡಿ ಅಂತ ಕೇಳಲೂಬೇಡಿ.)

ಇಷ್ಟು ವರ್ಷದಲ್ಲಿ ನನ್ನನ್ನು ಸರಿಯಾದ ಪ್ರಶ್ನೆ ಕೇಳಿದವರು ಒಬ್ಬರೇ, ನಮ್ಮಪ್ಪ. ಹವಳ ಅಂದರೆ ಅವರಿಗೆ ಉಂಗುರದ ಹರಳು. ಟ್ಯಾಂಕ್ ಶುರುಮಾಡಿದ ವಾರ ಮಾನ್ವಿ ಕಡೆಯ ಹೊಲದಿಂದ ಬಂದವರು, ಚಪ್ಪಲಿ ಬಿಟ್ಟು ನೇರವಾಗಿ ಅದರ ಮುಂದೆ ನಿಂತರು. ಸ್ವಲ್ಪ ಹೊತ್ತು ನೋಡಿ ಕೇಳಿದರು: “ಇಷ್ಟು ಜೋರು ಬಿಟ್ಟೀ, ಆ ಕಲ್ಲಿನ ಹಿಂದ ಮುಟ್ಟತದೇನು?”

ನಮ್ಮ ಹೊಲ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿದೆ. ಮುನಿರಾಬಾದಿನಲ್ಲಿ ಹೊರಟ ನೀರು ಕೊಪ್ಪಳ ಜಿಲ್ಲೆ ದಾಟಿ, ಸಿಂಧನೂರು ದಾಟಿ ನಮ್ಮ ಕಡೆ ಬರಬೇಕು. ಡ್ಯಾಮಿನಿಂದ ಎಷ್ಟು ಕ್ಯೂಸೆಕ್ ಬಿಟ್ಟರು ಅನ್ನುವುದು ಪೇಪರಿನಲ್ಲಿ ಬರುತ್ತದೆ. ಕೊನೆ ಭಾಗದ ರೈತ ಆ ನಂಬರ್ ನೋಡಿ ಭತ್ತ ಹಚ್ಚುವುದಿಲ್ಲ, ತೂಬಿನ ಹತ್ತಿರ ಹೋಗಿ ನೀರು ಮುಟ್ಟಿತೋ ಇಲ್ಲವೋ ಕಣ್ಣಾರೆ ನೋಡುತ್ತಾನೆ. ಅಪ್ಪ ನನ್ನ ಟ್ಯಾಂಕನ್ನೂ ಹಾಗೇ ನೋಡಿದರು. ಮುಟ್ಟುತ್ತಿರಲಿಲ್ಲ. ಗೋಡೆ ಕಟ್ಟಿದಂತೆ ಕಲ್ಲು ಪೇರಿಸಿದ್ದೆ. ಮರುದಿನವೇ ಬಿಚ್ಚಿ, ಹಿಂದಿನ ಗಾಜಿನಿಂದ ನಾಲ್ಕು ಬೆರಳು ಜಾಗ ಬಿಟ್ಟು, ಅಡಿಯಲ್ಲಿ ಸಂದಿ ಇಟ್ಟು ಜೋಡಿಸಿದೆ.

ಈಗಲೂ ತಿಂಗಳಿಗೊಮ್ಮೆ ನೋಡುತ್ತೇನೆ. ರಾತ್ರಿ ಲೈಟ್ ಆರಿಸಿ, ಮೀನಿನ ತಿಂಡಿ ಒಂದು ಚಿಟಿಕೆ ಬೆರಳಲ್ಲಿ ಪುಡಿಮಾಡಿ ನೀರಲ್ಲಿ ನೆನೆಸಿ ಬಿಡುತ್ತೇನೆ. ಪಕ್ಕದ ಗಾಜಿನಿಂದ ಟಾರ್ಚ್ ಹಿಡಿದರೆ ಒಂದೊಂದು ಕಣವೂ ಕಾಣುತ್ತದೆ. ಹವಳದ ಹತ್ತಿರ ಕಣ ತೂರಾಡಿಕೊಂಡು ಹೋಗಬೇಕು, ಬಾಣದಂತೆ ಹಾರಬಾರದು. ಎಲ್ಲಿ ಕೆಳಗಿಳಿದು ಗುಪ್ಪೆಯಾಗುತ್ತವೋ ಅಲ್ಲಿ ನೀರು ಸತ್ತಿದೆ ಅಂತ ಅರ್ಥ. ಪಂಪನ್ನು ಒಂದು ಬೆರಳಷ್ಟು ತಿರುಗಿಸಿ ಮತ್ತೆ ನೋಡಬೇಕು. ನನಗೆ ಮೊದಲ ಸಲ ಎರಡು ರಾತ್ರಿ ಹಿಡಿಯಿತು.

ನಮ್ಮ ಊರಿನವರು ಮೇಲ್ಮೈಯನ್ನೂ ನೋಡಿಕೊಳ್ಳಬೇಕು. 40 ಡಿಗ್ರಿ ದಾಟುವ ಬೇಸಿಗೆ. ನೀರು ಬಿಸಿಯಾದಷ್ಟೂ ಆಮ್ಲಜನಕ ಹಿಡಿದಿಟ್ಟುಕೊಳ್ಳುವುದು ಕಡಿಮೆ, ಅದೂ ಬೆಳಗಿನ ಜಾವ ತೀರಾ ಇಳಿದಿರುತ್ತದೆ. ಒಂದು ಪಂಪಿನ ಮುಖ ಕೊಂಚ ಮೇಲಕ್ಕಿದ್ದು ನೀರಿನ ಮೈ ಸದಾ ನಡುಗುತ್ತಿರಲಿ. ಆ ಪಂಪ್ ಇನ್ವರ್ಟರಿನ ಮೇಲಿರಲಿ. ಕರೆಂಟ್ ಹೋದಾಗ ನಮ್ಮ ಮನೆಯಲ್ಲಿ ಫ್ಯಾನ್ ನಿಂತರೂ ಅದು ನಿಲ್ಲುವುದಿಲ್ಲ. ಮನೆಯವರು ಬೈದಿದ್ದಾರೆ, ಬೈಯಲಿ. ಫ್ಯಾನ್ ಇಲ್ಲದೆ ನಾವು ಒಂದು ರಾತ್ರಿ ಕಳೆಯುತ್ತೇವೆ, ಅವುಗಳ ಕೈಯಲ್ಲಿ ಆಗುವುದಿಲ್ಲ.

ಸಿಂಧನೂರಿನ ಹುಡುಗ ದೊಡ್ಡ ಪಂಪ್ ತೆಗೆದು ಸಣ್ಣವು ಎರಡು ಹಾಕಿದ, ಹವಳವನ್ನು ಪಕ್ಕಕ್ಕೆ ಸರಿಸಿದ, ಕಲ್ಲು ಬಿಚ್ಚಿ ಕಟ್ಟಿದ. ಎರಡು ವಾರಕ್ಕೆ ಪೊರೆ ಬಿಟ್ಟಿತು. ಮೊನ್ನೆ ಮತ್ತೊಂದು ವಿಡಿಯೋ ಬಂತು. ಕತ್ತಲು, ಟಾರ್ಚಿನ ಬೆಳಕು. ತಿಂಡಿಯ ಕಣವೊಂದು ಕಲ್ಲಿನ ಹಿಂದೆ ಹೋಯಿತು, ಕಾಣಲಿಲ್ಲ, ಆಮೇಲೆ ಈ ಕಡೆಯ ಸಂದಿಯಿಂದ ಹೊರಗೆ ಬಂತು. ಹಿಂದಿನಿಂದ ಅವನ ದನಿ: “ಮುಟ್ಟೇದ್ರಿ ಅಣ್ಣಾ.”

ಅಪ್ಪನಿಗೆ ತೋರಿಸಿದೆ. ಎರಡು ಸಲ ನೋಡಿದರು.