ಚಾಂಪಿಯನ್ ಪಟ್ಟ ಬಂತು, ಸೀಟು ಬರಲಿಲ್ಲ: ಥಿಯೊ ಪೂರ್‌ಶೇರ್ ಹತ್ತಿದ ಏಣಿ

ಫಾರ್ಮುಲಾ 2 ಚಾಂಪಿಯನ್ ಆದವನು ಮರುವರ್ಷ ಅದೇ ಸರಣಿಯಲ್ಲಿ ಓಡಿಸುವಂತಿಲ್ಲ. ನಿಯಮವೇ ಹಾಗಿದೆ. ಮೇಲಿನ ಫಾರ್ಮುಲಾ 1ರಲ್ಲಿ ಜಾಗ ಖಾಲಿ ಇದ್ದರೆ ಸರಿ, ಇಲ್ಲದಿದ್ದರೆ ಗೆದ್ದವನೇ ಹೊರಗೆ, ಎರಡನೆಯವನಿಗೆ ಮಾತ್ರ ಮರುವರ್ಷವೂ ಅದೇ ಸರಣಿಯಲ್ಲಿ ಉಳಿಯಲು ಅಡ್ಡಿಯಿಲ್ಲ. 2023ರ ಚಾಂಪಿಯನ್, ಫ್ರಾನ್ಸಿನ ಥಿಯೊ ಪೂರ್‌ಶೇರ್‌ಗೆ ಆಗಿದ್ದು ಇದೇ. ಪ್ರತಿಭೆ ಸಾಲಲಿಲ್ಲ ಎಂದು ಒಂದೇ ಮಾತಲ್ಲಿ ಮುಗಿಸುವವರು ಅವನ ಲೆಕ್ಕವನ್ನು ವರ್ಷದಿಂದ ವರ್ಷಕ್ಕೆ ನೋಡಿಲ್ಲ ಅಂತಲೇ ನನ್ನ ಅಭಿಪ್ರಾಯ.

ಹುಟ್ಟಿದ್ದು 2003ರ ಆಗಸ್ಟ್ 20ರಂದು, ದಕ್ಷಿಣ ಫ್ರಾನ್ಸಿನ ಗ್ರಾಸ್‌ನಲ್ಲಿ. ಕಾರ್ಟಿಂಗ್ ಮುಗಿಸಿ 2018ರಲ್ಲಿ ಫ್ರೆಂಚ್ ಫಾರ್ಮುಲಾ 4ಕ್ಕೆ (ಎಫ್‌4, ಫಾರ್ಮುಲಾ 1ರತ್ತ ಹತ್ತುವ ಏಣಿಯ ಕೆಳಗಿನ ಮೆಟ್ಟಿಲು) ಬಂದು ಜೂನಿಯರ್ ವಿಭಾಗ ಗೆದ್ದ. ಈ ಸರಣಿಯ ವ್ಯವಸ್ಥೆ ಉಳಿದ ದೇಶಗಳದ್ದಕ್ಕಿಂತ ಬೇರೆ. ಇಲ್ಲಿ ಖಾಸಗಿ ತಂಡಗಳಿಲ್ಲ. ಫ್ರೆಂಚ್ ಮೋಟರ್ ಕ್ರೀಡಾ ಫೆಡರೇಶನ್ನಿನ ಅಕಾಡೆಮಿಯೇ ಎಲ್ಲ ಕಾರುಗಳನ್ನೂ ನೋಡಿಕೊಳ್ಳುತ್ತದೆ. ಖರ್ಚು ಕಡಿಮೆ, ಕಾರುಗಳೂ ಸಮಸಮ. ಆದರೆ ಸೆಟಪ್ ಬದಲಿಸಿ ನೋಡುವ ಸ್ವಾತಂತ್ರ್ಯ ತೀರಾ ಕಮ್ಮಿ. ರೆಕ್ಕೆ ಎಷ್ಟು ಏರಿಸಬೇಕು, ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಆ್ಯಂಟಿ ರೋಲ್ ಬಾರ್ ಎಷ್ಟು ಬಿಗಿ ಮಾಡಬೇಕು ಎಂಬುದನ್ನು ಇಂಜಿನಿಯರ್ ಜೊತೆ ಕೂತು ಕಲಿಯುವುದು ಮುಂದಿನ ಸರಣಿಗೆ ಉಳಿದುಬಿಡುತ್ತದೆ. 2019ರಲ್ಲಿ ಅವನು ಜರ್ಮನಿಯ ಎಡಿಎಸಿ ಎಫ್‌4ಕ್ಕೆ, ಯುಎಸ್ ರೇಸಿಂಗ್ ತಂಡಕ್ಕೆ ಹೋಗಿದ್ದು ಈ ದೃಷ್ಟಿಯಿಂದ ಜಾಣ ನಡೆ. ಟಟೂಸ್ ಷಾಸಿ, 1.4 ಲೀಟರ್ ಅಬಾರ್ತ್ ಟರ್ಬೊ, ಸುಮಾರು 160 ಎಚ್‌ಪಿ. ಅಲ್ಲೂ ಚಾಂಪಿಯನ್, ಅದೂ ಮುಂದೆ ಫಾರ್ಮುಲಾ 3 ಚಾಂಪಿಯನ್ ಆದ ಡೆನಿಸ್ ಹಾಗರ್‌ನಂಥವನನ್ನು ಹಿಂದೆ ಹಾಕಿ.

ಮರುವರ್ಷವೇ ಎಆರ್‌ಟಿ ತಂಡದಲ್ಲಿ ಫಾರ್ಮುಲಾ 3. 160ರಿಂದ ಒಮ್ಮೆಲೇ 380 ಎಚ್‌ಪಿಗೆ ಜಿಗಿತ, ಟ್ರ್ಯಾಕ್ ಮೇಲೆ 30 ಕಾರು. ಕೋವಿಡ್ ಕಾರಣಕ್ಕೆ 2020ರ ಒಂಬತ್ತೂ ಸುತ್ತುಗಳು (ರೇಸ್ ವಾರಾಂತ್ಯಗಳು) ಜುಲೈ ಆರಂಭದಿಂದ ಸೆಪ್ಟೆಂಬರ್ ಮಧ್ಯದೊಳಗೆ ಮುಗಿದವು. ತಪ್ಪು ತಿದ್ದಿಕೊಳ್ಳಲು ಪುರುಸೊತ್ತಿಲ್ಲ. ಕೊನೆಗೆ ಆಸ್ಕರ್ ಪಿಯಾಸ್ಟ್ರಿ 164 ಅಂಕ, ಪೂರ್‌ಶೇರ್ 161. ಮೂರೇ ಅಂಕ.

2021ರಲ್ಲಿ ಫಾರ್ಮುಲಾ 2 (ಎಫ್‌2), ತಂಡ ಅದೇ ಎಆರ್‌ಟಿ. ಮೊನಾಕೊದಲ್ಲಿ ಪೋಲ್, ಅಂದರೆ ಎಲ್ಲರಿಗಿಂತ ಮುಂದೆ ನಿಂತು ಹೊರಡುವ ಸ್ಥಾನ, ಆಮೇಲೆ ವಾರಾಂತ್ಯದ ಮುಖ್ಯ ರೇಸಾದ ಫೀಚರ್ ರೇಸ್ ಗೆಲುವು. ಆಗ ವಯಸ್ಸು 17 ವರ್ಷ 9 ತಿಂಗಳು. ಎಫ್‌2ರಲ್ಲಿ ಅಲ್ಲಿಯತನಕ ಅಷ್ಟು ಚಿಕ್ಕ ವಯಸ್ಸಿಗೆ ಯಾರೂ ಗೆದ್ದಿರಲಿಲ್ಲ. ಎರಡು ವಾರ ಕಳೆದು ಬಾಕುವಿನಲ್ಲಿ ಮೊದಲ ಲ್ಯಾಪಿನಲ್ಲೇ ಡಿಕ್ಕಿ, ಎಡಗೈಯ ಮೂಳೆ ಮುರಿತ. ಇದು ಸಣ್ಣ ಗಾಯ ಅಂದುಕೊಳ್ಳುವವರಿಗೆ ಒಂದು ವಿಷಯ: ಎಫ್‌2 ಕಾರಿಗೆ ಪವರ್ ಸ್ಟೀರಿಂಗ್ ಇಲ್ಲ. ವೇಗ ಏರಿದಂತೆ ರೆಕ್ಕೆಗಳು ಕಾರನ್ನು ನೆಲಕ್ಕೆ ಒತ್ತುತ್ತವೆ, ಆ ಭಾರವೆಲ್ಲ ಸ್ಟೀರಿಂಗಿನ ಮೂಲಕ ನೇರ ಮುಂಗೈಗೆ ಬರುತ್ತದೆ. ಅವನು ಮರಳಿದ್ದು ಆರು ವಾರದ ನಂತರ, ಸಿಲ್ವರ್‌ಸ್ಟೋನಿಗೆ. ಕಾಪ್ಸ್, ಮ್ಯಾಗಟ್ಸ್, ಬೆಕೆಟ್ಸ್ ಎಂದು ಒಂದರ ಹಿಂದೊಂದು ಅತಿವೇಗದ ತಿರುವುಗಳಿರುವ, ಕೈಗೆ ಸ್ವಲ್ಪವೂ ಬಿಡುವು ಕೊಡದ ಟ್ರ್ಯಾಕ್. ಆ ವರ್ಷ ಐದನೇ ಸ್ಥಾನ.

2022ರಲ್ಲಿ ಬಹರೇನ್, ಇಮೊಲಾ, ಹಂಗರಿ ಮೂರೂ ಕಡೆ ಫೀಚರ್ ರೇಸ್ ಗೆದ್ದ. ಆದರೂ ಆ ವರ್ಷದ ಚಾಂಪಿಯನ್ ಫೆಲಿಪೆ ಡ್ರುಗೊವಿಚ್‌ಗಿಂತ 101 ಅಂಕ ಹಿಂದೆ, ಎರಡನೇ ಸ್ಥಾನ.

ಸೂಪರ್ ಲೈಸೆನ್ಸ್ ಲೆಕ್ಕ ಬರುವುದು ಇಲ್ಲೇ. ಫಾರ್ಮುಲಾ 1ರಲ್ಲಿ ಓಡಿಸಲು ಮೂರು ವರ್ಷಗಳಲ್ಲಿ 40 ಲೈಸೆನ್ಸ್ ಅಂಕ ಕೂಡಬೇಕು (ಇವು ರೇಸಿನ ಅಂಕಗಳಲ್ಲ). ಎಫ್‌2ರ ಮೊದಲ ಮೂರು ಸ್ಥಾನಕ್ಕೂ ತಲಾ 40. ಅಂದರೆ 2022ರ ಎರಡನೇ ಸ್ಥಾನದಿಂದಲೇ ಅವನ ಕಾಗದಪತ್ರ ಪೂರ್ತಿಯಾಗಿತ್ತು. ಮುಂದಿನ ವರ್ಷದ ಪಟ್ಟ ಲೈಸೆನ್ಸ್ ಮಟ್ಟಿಗೆ ಹೊಸದೇನನ್ನೂ ಸೇರಿಸಲಿಲ್ಲ.

ಇನ್ನು 2023. ಇಡೀ ವರ್ಷಕ್ಕೆ ಗೆಲುವು ಒಂದೇ, ಬಹರೇನ್ ಫೀಚರ್ ರೇಸ್. ಪ್ರತಿಸ್ಪರ್ಧಿ ಫ್ರೆಡೆರಿಕ್ ವೆಸ್ಟಿಗೆ ಆರು ಗೆಲುವು. ಆದರೂ ಪಟ್ಟ ಪೂರ್‌ಶೇರ್‌ಗೆ, 203ಕ್ಕೆ 192. ಹೇಗೆ ಅಂತ ತಿಳಿಯಲು ಅಂಕಗಳ ಹಂಚಿಕೆ ನೋಡಬೇಕು. ಶುಕ್ರವಾರ 45 ನಿಮಿಷದ ಒಂದೇ ಅಭ್ಯಾಸ, ಆಮೇಲೆ ಯಾರು ಎಲ್ಲಿಂದ ಹೊರಡಬೇಕೆಂದು ತೀರ್ಮಾನಿಸುವ ಅರ್ಧ ಗಂಟೆ ಕ್ವಾಲಿಫೈಯಿಂಗ್. ಪೋಲ್‌ಗೆ 2 ಅಂಕ. ಶನಿವಾರದ ಚಿಕ್ಕ ರೇಸಾದ ಸ್ಪ್ರಿಂಟ್‌ಗೆ ಕ್ವಾಲಿಫೈಯಿಂಗಿನ ಮೊದಲ ಹತ್ತು ಜನರನ್ನು ತಿರುಗಿಸಿ ನಿಲ್ಲಿಸುತ್ತಾರೆ, ಹತ್ತನೆಯವನು ಎಲ್ಲರಿಗಿಂತ ಮುಂದೆ. ಅಲ್ಲಿ ಗೆದ್ದರೆ 10 ಅಂಕ ಅಷ್ಟೇ. ಭಾನುವಾರದ ಫೀಚರ್ ರೇಸಿಗೆ 25, ಎರಡನೆಯವನಿಗೆ 18, ಮೂರನೆಯವನಿಗೆ 15. ವೆಸ್ಟಿಯ ಆರರಲ್ಲಿ ನಾಲ್ಕು ಗೆಲುವು ಸ್ಪ್ರಿಂಟಿನವು. ಅಂದರೆ ಭಾನುವಾರ ಮೂರನೇ ಸ್ಥಾನ ಹಿಡಿದವನಿಗೆ ಶನಿವಾರ ಗೆದ್ದವನಿಗಿಂತ ಅಂಕ ಜಾಸ್ತಿ. ಪೂರ್‌ಶೇರ್ ವರ್ಷವಿಡೀ ಮಾಡಿದ್ದು ಭಾನುವಾರದ ಈ ಸಂಪಾದನೆ. ಸ್ಪಾದಲ್ಲಿ ವೆಸ್ಟಿ ರೇಸ್ ಶುರುವಾಗುವ ಮೊದಲೇ, ಕಾರುಗಳು ಸಾಲಾಗಿ ನಿಂತು ಹೊರಡುವ ಗ್ರಿಡ್ಡಿಗೆ ಹೋಗುವ ದಾರಿಯಲ್ಲೇ ಒದ್ದೆ ಟ್ರ್ಯಾಕಿನಲ್ಲಿ ಗುದ್ದಿಕೊಂಡ. ಚಾಂಪಿಯನ್‌ಷಿಪ್ ಇಂಥ ಕಡೆ ಕೈತಪ್ಪುತ್ತದೆ.

ಫೀಚರ್ ರೇಸಿನಲ್ಲಿ ಟೈರ್ ಉಳಿಸುವುದೇ ಅರ್ಧ ಕೆಲಸ. ಪಿರೆಲಿ ಇಲ್ಲಿಗೆ ಕೊಡುವ ಟೈರ್ ಬೇಕೆಂದೇ ಬೇಗ ಸವೆಯುವಂಥದ್ದು. ಮುಂದಿನ ಕಾರಿಗೆ ತೀರಾ ಅಂಟಿಕೊಂಡು ಹೋದರೆ ಮುಂದಿನ ರೆಕ್ಕೆಗೆ ಶುದ್ಧ ಗಾಳಿ ಸಿಗುವುದಿಲ್ಲ, ಮುಂಭಾಗ ಜಾರುತ್ತದೆ, ಜಾರಿದಷ್ಟೂ ರಬ್ಬರಿನ ಮೇಲ್ಪದರ ಕಾಯುತ್ತದೆ. ಎರಡು ಲ್ಯಾಪ್ ಹಾಗೆ ಹೋದರೆ ಹಿಡಿತವೇ ಮಾಯ. ಟೈರ್ ಬದಲಿಸಲು ಕಡ್ಡಾಯ ಪಿಟ್‌ಸ್ಟಾಪ್ ಇದೆ, ಒಣ ರೇಸಾದರೆ ಮೃದು, ಗಟ್ಟಿ ಎರಡೂ ಬಗೆಯ ಟೈರ್ ಬಳಸಬೇಕು. ಸಾಮಾನ್ಯವಾಗಿ ಮೃದು ಟೈರಿನಲ್ಲಿ ಹೊರಟು ಬೇಗ ಪಿಟ್‌ಗೆ ಬಂದು ಗಟ್ಟಿ ಟೈರಿನಲ್ಲಿ ಮುಗಿಸುತ್ತಾರೆ. ಹಿಂದಿನಿಂದ ಹೊರಡುವವರು ಇದನ್ನು ತಿರುವುಮುರುವು ಮಾಡಿ ಕೊನೆಗೆ, ಅಪಘಾತವಾದಾಗ ಎಲ್ಲರನ್ನೂ ನಿಧಾನ ಮಾಡಿಸುವ ಸೇಫ್ಟಿ ಕಾರ್ ಬರಲಿ ಎಂದು ಕಾಯುತ್ತಾರೆ. ಬಂದರೆ ಲಾಟರಿ, ಬಾರದಿದ್ದರೆ ಕೆಲಸ ಕೆಟ್ಟಂತೆ. ಅಂದಹಾಗೆ, ಆ ವರ್ಷ ಇದೇ ಗ್ರಿಡ್‌ನಲ್ಲಿ ನಮ್ಮ ಬೆಂಗಳೂರಿನ ಕುಶ್ ಮೈನಿಯೂ ಇದ್ದ, ಕಾಂಪೋಸ್ ತಂಡದಲ್ಲಿ.

ಅಬುಧಾಬಿಗೆ ಬರುವಾಗ ಪೂರ್‌ಶೇರ್‌ಗೆ 25 ಅಂಕದ ಮುನ್ನಡೆ, ಆ ವಾರಾಂತ್ಯದಲ್ಲಿ ಒಬ್ಬನಿಗೆ ಸಿಗಬಹುದಾದ ಗರಿಷ್ಠ 39 (ಎರಡೂ ರೇಸಿನ ಅತಿವೇಗದ ಲ್ಯಾಪಿಗೆ ತಲಾ 1 ಸೇರಿ). ಕ್ವಾಲಿಫೈಯಿಂಗಿನಲ್ಲಿ ಮೊದಲ ಹತ್ತರೊಳಗೂ ಬರಲಿಲ್ಲ. ಭಾನುವಾರ ಐದನೆಯವನಾಗಿ ಮುಗಿಸಿದ, ಸಾಕಾಯಿತು. ಆದರೆ ಹಿಂದಿನ ಸುತ್ತು ಮೊಂಝಾದಲ್ಲಿ ಮುಗಿದದ್ದು ಸೆಪ್ಟೆಂಬರ್ ಆರಂಭಕ್ಕೆ, ಅಬುಧಾಬಿ ನವೆಂಬರ್ ಕೊನೆಗೆ. ಈ ನಡುವೆ, ಸೆಪ್ಟೆಂಬರ್‌ನಲ್ಲೇ, ಅವನನ್ನು ಬೆಳೆಸಿದ ಫಾರ್ಮುಲಾ 1 ತಂಡ ಸೌಬರ್ (ಆಗ ಆಲ್ಫಾ ರೋಮಿಯೊ ಹೆಸರಿನಲ್ಲಿತ್ತು) 2024ಕ್ಕೂ ತನ್ನ ಚಾಲಕರಾದ ಬೊಟ್ಟಾಸ್ ಮತ್ತು ಝೌ ಅವರನ್ನೇ ಉಳಿಸಿಕೊಳ್ಳುವುದಾಗಿ ಹೇಳಿಯಾಗಿತ್ತು. ಪಟ್ಟ ಬರುವ ಮೊದಲೇ ಸೀಟು ಹೋಗಿತ್ತು. ಉಳಿದ ತಂಡಗಳದ್ದೂ ಅದೇ ಕಥೆ. 2023 ಮುಗಿಸಿದ 20 ಚಾಲಕರೇ 2024 ಶುರುಮಾಡಿದರು. ಫಾರ್ಮುಲಾ 1 ಇತಿಹಾಸದಲ್ಲಿ ಹಾಗಾಗಿದ್ದು ಅದೇ ಮೊದಲು. ಒಂದೇ ವರ್ಷ ಕಳೆದು ಬಾಗಿಲು ತೆರೆದಾಗ 2024ರ ಎಫ್‌2ರಲ್ಲಿ ಆರನೆಯವನಾದ ಆಂಟೊನೆಲ್ಲಿ ಮರ್ಸಿಡಿಸ್‌ಗೆ, ಹನ್ನೆರಡನೆಯವನಾದ ಬೇರ್‌ಮನ್ ಹಾಸ್‌ಗೆ ಹೋದರು. ಸೌಬರ್ ಸೀಟು ಆ ವರ್ಷದ ಚಾಂಪಿಯನ್ ಬೊರ್ಟೊಲೆಟೊಗೆ. ಪೂರ್‌ಶೇರ್ ಪಟ್ಟಕ್ಕೆ ಮೂರು ಸೀಸನ್ ತೆಗೆದುಕೊಂಡ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ತಂಡಗಳು ಮೊದಲ ವರ್ಷವೇ ಗೆಲ್ಲುವವನನ್ನು ಬೇರೆ ಕಣ್ಣಿನಿಂದ ನೋಡುತ್ತವೆ.

2024 ಚೂರುಚೂರಾಗಿ ಕಳೆಯಿತು. ಸುಝುಕಾದಲ್ಲಿ ಇಂಪುಲ್ ತಂಡಕ್ಕೆ ಜಪಾನಿನ ಸೂಪರ್ ಫಾರ್ಮುಲಾ ಸರಣಿಯ ಒಂದೇ ಒಂದು ರೇಸ್, ಕೂಡಲೇ ಅಮೆರಿಕಕ್ಕೆ: ಗಾಯಗೊಂಡಿದ್ದ ಚಾಲಕ ಮಲೂಕಾಸ್ ಜಾಗದಲ್ಲಿ, ಅಲ್ಲಿನ ಇಂಡಿಕಾರ್ ಸರಣಿಯ ಮೆಕ್ಲಾರೆನ್ ತಂಡಕ್ಕೆ. ಲಾಂಗ್ ಬೀಚ್‌ನಲ್ಲಿ ಪರಿಚಯವೇ ಇಲ್ಲದ ಕಾರಿನಲ್ಲಿ 11ನೇ ಸ್ಥಾನ, ಡೆಟ್ರಾಯ್ಟ್‌ನಲ್ಲಿ 10. ಜೂನ್‌ನಲ್ಲಿ ತಂಡ ಅವನನ್ನು ಬಿಟ್ಟು ನೋಲನ್ ಸೀಗಲ್‌ನನ್ನು ತೆಗೆದುಕೊಂಡಿತು. ಮರು ತಿಂಗಳು ಟೊರಾಂಟೊದಲ್ಲಿ ತಂಡದ ಇನ್ನೊಬ್ಬ ಚಾಲಕ ರೋಸ್ಸಿಯ ಹೆಬ್ಬೆರಳು ಮುರಿದಾಗ ಅದೇ ತಂಡ ಮತ್ತೆ ಇವನನ್ನೇ ಕರೆಸಿಕೊಂಡಿತು.

2025ಕ್ಕೆ ದಾರಿ ಬದಲಾಯಿತು. ಗಂಟೆಗಟ್ಟಲೆ ನಡೆಯುವ ದೀರ್ಘ ರೇಸುಗಳ ಪ್ಯೂಜೊ ತಂಡದಲ್ಲಿ ಪರೀಕ್ಷಾ ಚಾಲಕನ ಕೆಲಸ, ಜೊತೆಗೆ ಅಲ್ಗಾರ್ವ್ ಪ್ರೊ ತಂಡದಲ್ಲಿ ಅದೇ ಬಗೆಯ ಯುರೋಪಿಯನ್ ಲೆ ಮಾನ್ಸ್ ಸರಣಿ. ಅಲ್ಲಿ ಒಂದು ಕಾರನ್ನು ಹಲವರು ಹಂಚಿಕೊಂಡು ಓಡಿಸಬೇಕು, ಸೀಟಿನಿಂದ ಬ್ರೇಕ್ ಬ್ಯಾಲೆನ್ಸಿನವರೆಗೆ ಎಲ್ಲದರಲ್ಲೂ ರಾಜಿ ಇರುತ್ತದೆ. ಟೈರನ್ನು ಜೋಪಾನ ಮಾಡುತ್ತ ವೇಗ ಬಿಡದೆ ಓಡಿಸುವವನಿಗೆ ಅಲ್ಲಿ ಬೆಲೆಯೂ ಇದೆ, ಸಂಬಳವೂ ಇದೆ.