ನಲವತ್ತು ಡಾಲರ್ ಕಟ್ಟಬೇಡ ಕಣೇ
ಮೊನ್ನೆ ರಾತ್ರಿ ತಂಗಿ ಫೋನ್ ಮಾಡಿ, ಅಣ್ಣಾ ಜರ್ನಲ್‌ನ ಒಂದು ಸಂಶೋಧನಾ ಆರ್ಟಿಕಲ್ ಓದೋಕೆ ನಲವತ್ತು ಡಾಲರ್ ಕೇಳ್ತಿದೆ ಅಂತ ಅಳೋ ಥರ ಹೇಳಿದ್ಲು, ಪಿಎಚ್‌ಡಿ ಮಾಡ್ತಿರೋಳು ಪಾಪ. ಕಟ್ಟಬೇಡ ಕಣೇ ಅಂದೆ. 2025ರ ಜನವರಿಯಿಂದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಅಂತ ಕೇಂದ್ರ ಸರ್ಕಾರದ ಯೋಜನೆ ಶುರುವಾಗಿದೆ, 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ಯೂನಿವರ್ಸಿಟಿಗಳಿಗೆ ಸಿಗುತ್ತೆ, ಮನೆಯಿಂದ ಓದೋಕೆ ಇನ್‌ಫೆಡ್ ಲಾಗಿನ್ (ನಮ್ಮ ಯೂನಿವರ್ಸಿಟಿಯವರು ಅಂತ ಗುರುತಿಸೋ ಖಾತೆ) ಬೇಕು ಅಷ್ಟೇ, ಲೈಬ್ರರಿಯಲ್ಲೇ ಕೇಳಬೇಕು. ಮಾರನೇ ದಿನ ಲೈಬ್ರರಿಯನ್ ಮೇಡಂ ಹತ್ರ ಲಾಗಿನ್ ಮಾಡಿಸ್ಕೊಂಡು, ಪ್ರಕಾಶಕರ ವೆಬ್‌ಸೈಟಲ್ಲಿರೋ ಸಂಸ್ಥೆಗಳ ಪಟ್ಟಿಯಲ್ಲಿ ತನ್ನ ಯೂನಿವರ್ಸಿಟಿ ಹೆಸರು ಹುಡುಕಿ ಒತ್ತಿದ್ಲು, 24 ಪುಟದ ಪಿಡಿಎಫ್ ಪೂರ್ತಿ ಇಳೀತು, ಕೋಷ್ಟಕಗಳ ಸಮೇತ! ಇದನ್ನ ಸೇರಿದ ದಿನವೇ ಯಾರಾದ್ರೂ ಹೇಳಿಕೊಡಬೇಕಿತ್ತು, ಎಷ್ಟು ತಿಂಗಳು ಬರೀ ಸಾರಾಂಶ ಓದ್ಕೊಂಡು ಕೂತಿದ್ಲು ಹುಡುಗಿ. ಮೊದಲ ಹಂತದಲ್ಲಿ ಪ್ರೈವೇಟ್ ಕಾಲೇಜುಗಳನ್ನ ಸೇರಿಸಿಲ್ಲ, ಅದು ನನಗೆ ಸರಿ ಅನ್ಸಲ್ಲ. ಅಲ್ಲಿರೋರು ಲೇಖಕರಿಗೇ ಒಂದು ಮೇಲ್ ಹಾಕಿ ನೋಡಿ, ಎಷ್ಟೋ ಜನ ಖುಷಿಯಿಂದ ಕಳಿಸ್ತಾರೆ.